ಹಳೆ ಕಂಪ್ಯೂಟರಿಗೆ ಲೀನಕ್ಸ್ ಹಾಕಿ ಅಂತ ಬರೆದ್ರಲ್ಲ, ಎಷ್ಟು ಹಳೇದಕ್ಕೆ?

ಸಂಪಾದಕರಿಗೆ ನಮಸ್ಕಾರ.

ಹಾಸನದ ಬಿ.ಎಂ. ರಸ್ತೆ ಹತ್ರ ಮೂವತ್ತು ವರ್ಷದ ಮೇಲಾಯ್ತು, ಮೊದಲು ಟಿವಿ, ಆಮೇಲೆ ಕಂಪ್ಯೂಟರ್ ರಿಪೇರಿ ಮಾಡ್ಕೊಂಡು ಬಂದಿರೋನು ನಾನು. ನಿಮ್ಮ ಪತ್ರಿಕೆ ದಿನಾ ಅಂಗಡಿ ಬಾಗಿಲು ತೆಗೀತಿದ್ದಂಗೆ ಓದ್ತೀನಿ, ಪತ್ರ ಮಾತ್ರ ಇವತ್ತಿನವರೆಗೂ ಬರೆದಿರಲಿಲ್ಲ. ಹೋದ ತಿಂಗಳು ಒಂದು ಭಾನುವಾರ ನಿಮ್ಮ ಪುರವಣಿಯಲ್ಲಿ ಹಳೆ ಕಂಪ್ಯೂಟರ್ ಎಸೀಬೇಡಿ ಅಂತ ಒಂದು ಬರಹ ಬಂದಿತ್ತು. ಎಸೀಬೇಡಿ ಅಂದಿದ್ದು ನೂರಕ್ಕೆ ನೂರು ಸರಿ, ಅದನ್ನ ಓದಿ ನನಗೆ ಖುಷಿನೇ ಆಯ್ತು. ಆದ್ರೆ ಕೊನೇಲಿ ಒಂದು ಸಾಲು ಹಾಕಿದ್ರಿ, ಕಂಪ್ಯೂಟರ್ ಎಷ್ಟೇ ಹಳೇದಾಗಿರಲಿ ಲೀನಕ್ಸ್ (ವಿಂಡೋಸ್ ತರ ಕಂಪ್ಯೂಟರನ್ನ ನಡೆಸೋ ಸಿಸ್ಟಮ್) ಹಾಕಿದ್ರೆ ಮತ್ತೆ ಓಡುತ್ತೆ ಅಂತ. ಆ ಸಾಲು ತಪ್ಪು. ಆ ಒಂದು ಸಾಲು ನಂಬ್ಕೊಂಡು ನನ್ನ ಅಂಗಡಿಗೆ ಜನ ಬರ್ತಿದಾರೆ, ಅದರಲ್ಲಿ ಒಬ್ಬ ಹುಡುಗನ ವಿಷಯ ಹೇಳಲೇಬೇಕು ಅಂತ ಕೂತ್ಕೊಂಡು ಬರೀತಿದೀನಿ, ಉದ್ದ ಆದ್ರೂ ದಯವಿಟ್ಟು ಪೂರ್ತಿ ಓದಿ.

ಹುಡುಗ ಸಕಲೇಶಪುರದ ಕಡೆಯೋನು, ಇಲ್ಲೇ ಹಾಸನದಲ್ಲಿ ರೂಮ್ ಮಾಡ್ಕೊಂಡು ಪಿಯುಸಿ ಓದ್ತಿದಾನೆ. ಅವರ ತಾತನ ತೋಟದ ಮನೆ ರಿಪೇರಿ ಮಾಡಿಸೋವಾಗ ಅಟ್ಟದ ಮೇಲೆ ಕಾಫಿ ಮೂಟೆ ಚೀಲದಲ್ಲಿ ಸುತ್ತಿಟ್ಟಿದ್ದ ಒಂದು ಕಪ್ಪು ಕೀಬೋರ್ಡ್ ಸಿಕ್ಕಿದೆ, ಇವನು ಅದನ್ನ ಹಂಗೇ ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ತಂದ. "ಅಂಕಲ್, ಇದು ಬರೀ ಕೀಬೋರ್ಡ್ ಅಲ್ಲ, ಪೂರ್ತಿ ಕಂಪ್ಯೂಟರಂತೆ, ಪೇಪರಲ್ಲಿ ಬಂದಿತ್ತು, ಇದಕ್ಕೆ ಲೀನಕ್ಸ್ ಹಾಕ್ಕೊಡಿ" ಅಂದ. ಧೂಳು ಒರೆಸಿ ನೋಡ್ತೀನಿ, ಡಿಬಿ ಸ್ಪೆಕ್ಟ್ರಮ್ ಪ್ಲಸ್! ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ ಸ್ಪೆಕ್ಟ್ರಮ್ಮನ್ನ ನಮ್ಮ ದೇಶದಲ್ಲಿ ಡೆಸಿಬೆಲ್ಸ್ ಅನ್ನೋ ಕಂಪನಿ 1986ರಿಂದ ಮಾರ್ತಿತ್ತು, ಅದೇ ಇದು. ಇಷ್ಟು ವರ್ಷದಲ್ಲಿ ನಾನು ಕೈಯಲ್ಲಿ ಮುಟ್ಟಿದ್ದು ಇದು ಎರಡನೇದು ಅಷ್ಟೇ.

ಇಲ್ಲೊಂದು ವಿಷಯ ನೆನಪಾಗುತ್ತೆ, ಹಾಸನದೋರಿಗೆ ಇದು ಗೊತ್ತಿರಬೇಕು. 1982ರ ಏಪ್ರಿಲ್ ತಿಂಗಳಲ್ಲಿ ಇನ್ಸಾಟ್-1ಎ ಉಪಗ್ರಹ ಮೇಲಕ್ಕೆ ಹೋಯ್ತು, ಅದನ್ನ ನೋಡ್ಕೊಳ್ಳೋಕೆ ಅಂತ ನಮ್ಮೂರಲ್ಲಿ ಎಂಸಿಎಫ್ ಅನ್ನೋ ನಿಯಂತ್ರಣ ಕೇಂದ್ರ ಶುರುವಾಯ್ತು. ಅದೇ ವರ್ಷ ಅದೇ ಏಪ್ರಿಲಲ್ಲಿ ಇಂಗ್ಲೆಂಡಲ್ಲಿ ಮೊಟ್ಟಮೊದಲ ಸ್ಪೆಕ್ಟ್ರಮ್ ಬಿಡುಗಡೆ ಆಗಿದ್ದು. ಅಂದ್ರೆ ನಮ್ಮೂರಿನ ಆ ದೊಡ್ಡ ಆಂಟೆನಾಗಳದ್ದೂ ಈ ಪುಟ್ಟ ಕಪ್ಪು ಡಬ್ಬಿಯ ವಂಶದ್ದೂ ಒಂದೇ ವಯಸ್ಸು. ಹುಡುಗನಿಗೆ ಹೇಳ್ದೆ, ಅವನು ಅದನ್ನ ಇನ್ನೊಂಚೂರು ಜೋಪಾನವಾಗಿ ಹಿಡ್ಕೊಂಡ.

ಲೀನಕ್ಸ್ ಮಾತಿಗೆ ಮುಂಚೆ ಒಂದು ಎಚ್ಚರಿಕೆ ಹೇಳ್ಬಿಡ್ತೀನಿ, ಯಾಕಂದ್ರೆ ಇಂಥ ಮೆಷಿನ್ ಅಟ್ಟದಲ್ಲಿ ಸಿಕ್ಕಿದ ತಕ್ಷಣ ಎಲ್ಲರೂ ಮಾಡೋ ಕೆಲಸ ಮನೇಲಿರೋ ಯಾವುದೋ ಅಡಾಪ್ಟರ್ ಚುಚ್ಚಿ ನೋಡೋದು. ಸ್ಪೆಕ್ಟ್ರಮ್ಮಿಗೆ 9 ವೋಲ್ಟ್ ಬೇಕು, ಆದ್ರೆ ಪಿನ್ನಿನ ಒಳಗಡೆ ಮೈನಸ್, ಹೊರಗಡೆ ಪ್ಲಸ್. ಈಗಿನ ವೈಫೈ ರೂಟರ್ ಅಡಾಪ್ಟರಲ್ಲಿ ಸಾಮಾನ್ಯವಾಗಿ ಇದು ಉಲ್ಟಾ ಇರುತ್ತೆ, ವೋಲ್ಟೇಜ್ ಸರಿಯಿದೆ ಅಂತ ಅದನ್ನ ಹಾಕಿದ್ರೆ ಮುಗೀತು. ಇನ್ನೂ ಒಂದಿದೆ, ಇದರ ಮೊದಲ 16 ಕೆಬಿ ರ‍್ಯಾಮ್ ಎಂಟು 4116 ಐಸಿಗಳಲ್ಲಿರುತ್ತೆ, ಆ ಐಸಿಗೆ 5 ವೋಲ್ಟ್ ಒಂದೇ ಸಾಲಲ್ಲ, 12 ವೋಲ್ಟೂ ಬೇಕು, ಮೈನಸ್ 5 ವೋಲ್ಟೂ ಬೇಕು, ಅದರಲ್ಲಿ ಮೈನಸ್ 5 ತಪ್ಪಿಹೋದ್ರೆ ಐಸಿ ಬಿಸಿಯಾಗಿ ಸಾಯುತ್ತೆ. ಅದೇ ಕಾಲದ ಇನ್ನೊಂದು ಮನೆ ಕಂಪ್ಯೂಟರ್ ಕಮೋಡೋರ್ 64 ಇಟ್ಕೊಂಡಿರೋರಿಗಂತೂ ಇನ್ನೂ ಜಾಸ್ತಿ ಹುಷಾರು ಬೇಕು, ಅದರ ಹಳೆ ಪವರ್ ಸಪ್ಲೈ ಇಟ್ಟಿಗೆ ತರ ಒಳಗೆಲ್ಲ ಎಪಾಕ್ಸಿ ತುಂಬಿ ಮುಚ್ಚಿರೋದು, ಬಿಚ್ಚಿ ನೋಡೋಕೂ ಆಗಲ್ಲ, ವಯಸ್ಸಾದ್ಮೇಲೆ 5 ವೋಲ್ಟ್ ಲೈನಲ್ಲಿ ವೋಲ್ಟೇಜ್ ಮೇಲೇರಿ ರ‍್ಯಾಮನ್ನೇ ಸುಟ್ಟುಹಾಕುತ್ತೆ. ಮೊದಲು ಮಲ್ಟಿಮೀಟರ್ ಹಿಡಿದು ಅಳೀರಿ, ಆಮೇಲೆ ಚುಚ್ಚಿ. ನಮ್ಮ ಮಲೆನಾಡಿನ ಥಂಡಿಯಲ್ಲಿ ಮೂವತ್ತು ಮಳೆಗಾಲ ಕಂಡಿರೋ ಬೋರ್ಡು ಅದು.

ಈಗ ಹುಡುಗನ ವಿಷಯಕ್ಕೆ ಬರ್ತೀನಿ. "ಇಲ್ಲ ಕಣಪ್ಪ, ಇದಕ್ಕೆ ಲೀನಕ್ಸ್ ಆಗಲ್ಲ" ಅಂದೆ. ಅವನು ಸುಮ್ನೆ ಮುಖ ಸಣ್ಣ ಮಾಡ್ಕೊಂಡು ಹೋಗೋ ಪೈಕಿ ಅಲ್ಲ. "ಅಂಕಲ್, ಇದರಲ್ಲಿ 48 ಕೆಬಿ ಇದೆ. ಲೀನಕ್ಸಿಗೆ ಮಾದರಿಯಾದ ಹಳೆ ಸಿಸ್ಟಮ್ ಯೂನಿಕ್ಸ್ ಮೊದಮೊದಲು 24 ಕೆಬಿ ಮೆಷಿನ್ನಲ್ಲಿ ಓಡ್ತಿತ್ತಂತೆ. ಡಬಲ್ ಇದೆಯಲ್ಲ, ಮತ್ತೆ ಯಾಕಾಗಲ್ಲ?" ಅಂತ ಕೇಳ್ದ.

ಸಂಪಾದಕರೇ, ಈ ಪ್ರಶ್ನೆ ಎಷ್ಟು ಒಳ್ಳೇದು ಅಂತ ನಿಮಗೆ ಹೇಳಬೇಕು. ಅವನು ಹೇಳಿದ ಲೆಕ್ಕ ಸರಿ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಇವರೆಲ್ಲ ಪಿಡಿಪಿ-7 ಅನ್ನೋ ಮೆಷಿನ್ನಲ್ಲಿ ಯೂನಿಕ್ಸ್ ಶುರು ಮಾಡಿದ್ರು, ಆಮೇಲೆ ಬಂದ ಪಿಡಿಪಿ-11/20 ಮೆಷಿನ್ನಲ್ಲಿ ಇದ್ದಿದ್ದೇ 24 ಕೆಬಿ ಮೆಮರಿ. ಅದರಲ್ಲಿ 16 ಕೆಬಿ ಸಿಸ್ಟಮ್ಮಿಗೆ, ಬಾಕಿ 8 ಕೆಬಿ ಪ್ರೋಗ್ರಾಮಿಗೆ. ಅಷ್ಟರಲ್ಲೇ ಅಲ್ಲಿನ ಪೇಟೆಂಟ್ ವಿಭಾಗದ ಟೈಪಿಸ್ಟುಗಳು ದಿನವಿಡೀ ಕೂತು ಕೆಲಸ ಮಾಡ್ತಿದ್ರು. ಒಬ್ಬರ ಮೆಮರಿನ ಇನ್ನೊಬ್ಬರು ಕೆಡಿಸದಂಗೆ ಕಾಯೋ ವ್ಯವಸ್ಥೆನೂ ಆ ಮೆಷಿನ್ನಲ್ಲಿರಲಿಲ್ಲ, ಹೊಸ ಪ್ರೋಗ್ರಾಮ್ ಓಡಿಸಿ ನೋಡೋವಾಗ ಪಕ್ಕದೋರ ಕೆಲಸ ಹಾಳಾಗದಂಗೆ ಹುಷಾರಾಗಿರಬೇಕಿತ್ತು. ಹಂಗಿದ್ಮೇಲೆ 48 ಕೆಬಿ ಸ್ಪೆಕ್ಟ್ರಮ್ಮಲ್ಲಿ ಯಾಕಾಗಬಾರದು?

ಯಾಕೆ ಅಂದ್ರೆ ಆ ಪಿಡಿಪಿ-11ಕ್ಕೆ ಅರ್ಧ ಎಂಬಿಯ ಡಿಸ್ಕ್ ಇತ್ತು, ಈ ಸ್ಪೆಕ್ಟ್ರಮ್ಮಿಗೆ ಇರೋದು ಟೇಪ್ ರೆಕಾರ್ಡರು. ಮೊದಲ ತೊಂದರೆ ಅದೇ.

ಹುಡುಗ ತೋಟದೋನು ಅಂತ ನಾನು ಅವನಿಗೆ ಕಾಫಿ ಕಣದ ಲೆಕ್ಕದಲ್ಲಿ ಹೇಳ್ದೆ. ಮನೆ ಮುಂದೆ ಕಣ ಒಂದೇ ಇದೆ ಅಂದ್ಕೋ, ರೊಬಸ್ಟಾನೂ ಒಣಗಬೇಕು ಮೆಣಸೂ ಒಣಗಬೇಕು, ಎರಡಕ್ಕೂ ಒಂದೇ ಕಣ. ಸ್ವಲ್ಪ ಹೊತ್ತು ಕಾಫಿ ಹರವ್ತೀರಿ, ಆಮೇಲೆ ಅದನ್ನ ಗುಡ್ಡೆ ಮಾಡಿ ಚೀಲಕ್ಕೆ ತುಂಬಿ ಪಕ್ಕದ ಗೋಡೌನಿಗೆ ಹಾಕಿ ಮೆಣಸು ಹರವ್ತೀರಿ, ಮತ್ತೆ ಮೆಣಸು ಎತ್ತಿ ಕಾಫಿ. ಗೋಡೌನು ಕಣದ ಪಕ್ಕದಲ್ಲೇ ಇದ್ರೆ ಇದು ನಡೆಯುತ್ತೆ. ಕಣ ಅಂದ್ರೆ ಮೆಮರಿ, ಗೋಡೌನ್ ಅಂದ್ರೆ ಡಿಸ್ಕ್, ಚೀಲ ಹೊತ್ತು ಒಳಗೆ ಹೊರಗೆ ಮಾಡೋದಕ್ಕೆ ಸ್ವಾಪ್ ಅಂತಾರೆ. ಹಳೆ ಯೂನಿಕ್ಸ್ ಬದುಕಿದ್ದೇ ಇದರ ಮೇಲೆ. ಈಗ ಟೇಪ್ ತಗೋ, ಸ್ಪೆಕ್ಟ್ರಮ್ಮಿನ ಟೇಪು ಸೆಕೆಂಡಿಗೆ ಸುಮಾರು 1500 ಬಿಟ್ ಓದುತ್ತೆ, 48 ಕೆಬಿ ತುಂಬೋಕೆ ಹತ್ರ ಹತ್ರ ಐದು ನಿಮಿಷ ಬೇಕು. ಅಂದ್ರೆ ಕಣ ಸಕಲೇಶಪುರದಲ್ಲಿ, ಗೋಡೌನು ಹಾಸನದಲ್ಲಿ, ಮಧ್ಯೆ ಒಂದೇ ಗಾಡಿ. ಸಾಲದ್ದಕ್ಕೆ ಟೇಪಲ್ಲಿ ನಡುವೆ ಇರೋ ಫೈಲು ಬೇಕು ಅಂದ್ರೆ ಕೈಯಲ್ಲಿ ಸುತ್ತಿಸಿ ಹುಡುಕಬೇಕು, ಬೇಕಾದ ಜಾಗಕ್ಕೆ ತಾನೇ ಹೋಗಿ ಬರೆದು ಬರೋಕಾಗಲ್ಲ. ಯೂನಿಕ್ಸಲ್ಲಿ ಡೈರೆಕ್ಟರಿ, ಫೈಲು, ಡಿವೈಸು ಎಲ್ಲಾ ನಿಂತಿರೋದೇ ಬೇಕಾದ ಬ್ಲಾಕನ್ನ ಬೇಕಾದಾಗ ತರೋ ಡಿಸ್ಕ್ ಮೇಲೆ. ಅದಕ್ಕೇ ಹೇಳಿದ್ದು, ಜನ ಪ್ರೊಸೆಸರ್ ಎಷ್ಟು ಸ್ಪೀಡು ಅಂತ ಕೇಳ್ತಾರೆ, ಯೂನಿಕ್ಸ್ ವಿಷಯದಲ್ಲಿ ಅದು ಕೊನೆಗೆ ಕೇಳೋ ಪ್ರಶ್ನೆ. ಸ್ಪೆಕ್ಟ್ರಮ್ಮಿನ ಜೆಡ್80 ಪ್ರೊಸೆಸರ್ 3.5 ಮೆಗಾಹರ್ಟ್ಜು, ಅದೇನೂ ಅಡ್ಡಿಯಲ್ಲ.

ಎರಡನೇ ತೊಂದರೆ ಕಣದ ಹಂಚಿಕೆ. ಜೆಡ್80ಗೆ ಹದಿನಾರು ಅಡ್ರೆಸ್ ಲೈನು, ಹಂಗಾಗಿ ಅದರ ಕಣ್ಣಿಗೆ ಬೀಳೋದು ಒಟ್ಟು 64 ಕೆಬಿ, ಅದಕ್ಕಿಂತ ಒಂದು ಬೈಟೂ ಜಾಸ್ತಿ ಇಲ್ಲ. ಸ್ಪೆಕ್ಟ್ರಮ್ಮಲ್ಲಿ ಮೊದಲ 16 ಕೆಬಿಯಲ್ಲಿ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇರೋ ರೋಮ್ ಐಸಿ (ಬರೀ ಓದೋಕಾಗೋ ಮೆಮರಿ) ಕೂತ್ಕೊಂಡಿದೆ, ಅದನ್ನ ಪಕ್ಕಕ್ಕೆ ಸರಿಸೋಕಾಗಲ್ಲ. ಬಾಕಿ 48 ಕೆಬಿಯಲ್ಲಿ ಸ್ಕ್ರೀನೇ 6912 ಬೈಟ್ ನುಂಗುತ್ತೆ. ಉಳಿದಿದ್ದರಲ್ಲಿ ಕರ್ನಲ್ (ಸಿಸ್ಟಮ್ಮಿನ ತಿರುಳು) ಎಲ್ಲಿ, ಪ್ರೋಗ್ರಾಮ್ ಎಲ್ಲಿ? ಯೂನಿಕ್ಸಲ್ಲಿ ಫೋರ್ಕ್ ಅಂತ ಒಂದಿದೆ, ಓಡ್ತಿರೋ ಪ್ರೋಗ್ರಾಮು ತನ್ನದೇ ಇನ್ನೊಂದು ಪ್ರತಿ ಹುಟ್ಟಿಸುತ್ತೆ, ಎರಡೂ ತಾನು ಇಂಥದೇ ಅಡ್ರೆಸ್ಸಲ್ಲಿದೀನಿ ಅಂತ ತಿಳ್ಕೊಂಡಿರ್ತವೆ. ಒಂದೇ ಕಣದಲ್ಲಿ ಒಂದೇ ಜಾಗಕ್ಕೆ ಎರಡು ರಾಶಿ ಹಾಕಿದ್ರೆ ಬೆರಕೆ ಆಗಲ್ವಾ? ಹಂಗಾಗಿ ಒಂದೋ ಪ್ರತಿ ಸಲ ಒಂದನ್ನ ಗೋಡೌನಿಗೆ ಹಾಕಬೇಕು, ಇಲ್ಲಾ ಇನ್ನಷ್ಟು ಕಣ ಮಾಡಿಸಿ ಯಾವ ಕಣ ಯಾವಾಗ ಮುಂದೆ ಬರಬೇಕು ಅಂತ ಒಂದು ಸ್ವಿಚ್ ಇಡಬೇಕು. ಆ ಸ್ವಿಚ್ಚಿಗೆ ಬ್ಯಾಂಕಿಂಗ್ ಅಂತಾರೆ, ಅದನ್ನೇ ಇನ್ನೂ ಚೆನ್ನಾಗಿ, ಪ್ರತಿ ಪ್ರೋಗ್ರಾಮಿಗೂ ಬೇಲಿ ಹಾಕಿ ಮಾಡಿದ್ರೆ ಎಂಎಂಯು. ಆಮೇಲೆ ಬಂದ ಸ್ಪೆಕ್ಟ್ರಮ್ 128ರಲ್ಲಿ 16 ಕೆಬಿಯ ಬ್ಯಾಂಕುಗಳು ಮೇಲಿನ ಭಾಗದಲ್ಲಿ ಬದಲಾಗ್ತವೆ, ಆದ್ರೆ ಕೆಳಗಿನ ರೋಮ್ ಅಲ್ಲೇ ಕೂತಿರುತ್ತೆ, ಅದಕ್ಕೂ ಪರಿಹಾರ ಬೇಕು ಅಂದ್ರೆ ಹಿಂದಿನ ಸ್ಲಾಟಿಗೆ ಡಿಸ್ಕೂ ಮೆಮರಿನೂ ಎರಡೂ ಕೊಡೋ ಕಾರ್ಡು ಚುಚ್ಚಬೇಕು.

ಹಂಗಂತ ಈ ಎಂಟು ಬಿಟ್ ಮೆಷಿನ್‌ಗಳಲ್ಲಿ ಯೂನಿಕ್ಸ್ ತರದ್ದು ಓಡೋದೇ ಇಲ್ಲ ಅಂತಲ್ಲ, ನಿಮ್ಮ ಬರಹ ಇದನ್ನ ಹೇಳಬೇಕಿತ್ತು. ಲೀನಕ್ಸ್ ಬೇರೆ, ಯೂನಿಕ್ಸ್ ತರದ್ದು ಬೇರೆ. 1980ರ ದಶಕದಲ್ಲೇ ಡಗ್ ಬ್ರೌನ್ ಅನ್ನೋರು ಜೆಡ್80ಗೆ ಅಂತ ಯುಝಿ ಅನ್ನೋ ಚಿಕ್ಕ ಯೂನಿಕ್ಸ್ ಬರೆದಿದ್ರು. ಅದನ್ನ ಬುನಾದಿ ಮಾಡ್ಕೊಂಡು 2014ರಲ್ಲಿ ಅಲನ್ ಕಾಕ್ಸ್ ಫ್ಯೂಝಿಕ್ಸ್ ಅಂತ ಮಾಡಿದ್ರು, ಇವರು ಲೀನಕ್ಸ್ ಕರ್ನಲ್ಲಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ದೊಡ್ಡ ಹೆಸರು, ಅಂಥೋರು ಕೂತು ಈ ಪುಟಾಣಿ ಮೆಷಿನ್‌ಗಳಿಗೆ ಬರೆದಿದಾರೆ ಅಂದ್ರೆ ಇದು ಹುಡುಗಾಟದ ವಿಷಯ ಅಲ್ಲ. ಜೆಡ್80, 6502, 6809, 68000 ಈ ಪ್ರೊಸೆಸರ್ ಎಲ್ಲಕ್ಕೂ ಇದೆ. ನೆಮ್ಮದಿಯಾಗಿ ಓಡಬೇಕು ಅಂದ್ರೆ ಬ್ಯಾಂಕಿಂಗ್ ಇರೋ 128 ಕೆಬಿ ಮೆಮರಿ, ನಿಯಮಿತವಾಗಿ ಬಡಿಯೋ ಟೈಮರ್, ಡಿಸ್ಕ್ ತರ ಕೆಲಸ ಮಾಡೋ ಏನಾದ್ರೂ ಒಂದು, ಈಗಿನ ಕಾಲಕ್ಕೆ ಸಿಎಫ್ ಕಾರ್ಡೋ ಎಸ್‌ಡಿ ಕಾರ್ಡೋ ಆದ್ರೂ ಸಾಕು. ಆಮ್‌ಸ್ಟ್ರಾಡ್ ಪಿಸಿಡಬ್ಲ್ಯೂ 8256 ಅಂತ 1985ರ ಮೆಷಿನ್ ಇತ್ತು, ಪತ್ರ ಟೈಪ್ ಮಾಡೋಕೆ ಅಂತ ಮಾರಿದ್ದು, ಅದರಲ್ಲಿ ಜೆಡ್80, 256 ಕೆಬಿ, ಫ್ಲಾಪಿ ಡ್ರೈವ್, ಸಾಲಿಗೆ 90 ಅಕ್ಷರ ಬರೋ ಸ್ಕ್ರೀನು. ಆಟದ ಮೆಷಿನ್‌ಗಳಿಗಿಂತ ಯೂನಿಕ್ಸಿಗೆ ಇದೇ ಹೇಳಿ ಮಾಡಿಸಿದಂಗಿದೆ.

ಟೈಮರ್ ಯಾಕೆ ಅಂದ್ರೆ, ಕಣದಲ್ಲಿ ಈಗ ಯಾರ ಪಾಳಿ ಅಂತ ಗಂಟೆ ಹೊಡೆಯೋರು ಬೇಕಲ್ಲ. ಸ್ಪೆಕ್ಟ್ರಮ್ಮಲ್ಲಿ ಟಿವಿ ಚಿತ್ರದ ಲೆಕ್ಕಕ್ಕೆ ಸೆಕೆಂಡಿಗೆ 50 ಸಲ ಇಂಟರಪ್ಟ್ (ಕೈಯಲ್ಲಿರೋ ಕೆಲಸ ನಿಲ್ಲಿಸಿ ಇಲ್ಲಿ ನೋಡು ಅನ್ನೋ ಸಂಕೇತ) ಬರುತ್ತೆ, ಆ ಕೆಲಸಕ್ಕೆ ಅದು ಸಾಕು.

ಕಮೋಡೋರ್ 64ದು ಇನ್ನೊಂದು ತರದ ಕಷ್ಟ. ಮೆಮರಿ 64 ಕೆಬಿ ಇದೆ, 1541 ಅನ್ನೋ ಡ್ರೈವಲ್ಲಿ ಒಂದು ಫ್ಲಾಪಿಗೆ 170 ಕೆಬಿ ಹಿಡಿಯುತ್ತೆ, ಆದ್ರೆ ಅದರ ಪ್ರೊಸೆಸರ್ 6502 ಜಾತಿದು, ಸ್ಟ್ಯಾಕ್ (ಪ್ರೋಗ್ರಾಮು ಎಲ್ಲಿಗೆ ವಾಪಸ್ ಬರಬೇಕು ಅಂತ ಗುರುತಿಟ್ಕೊಳ್ಳೋ ಜಾಗ) ಇರೋದು ಬರೀ 256 ಬೈಟು, ಅದೂ ಒಂದೇ ಜಾಗದಲ್ಲಿ. ಒಂದು ಪ್ರೋಗ್ರಾಮಿಂದ ಇನ್ನೊಂದಕ್ಕೆ ಹೋಗ್ತಾ ಆ ಸ್ಟ್ಯಾಕನ್ನ ಕಾಪಿ ಮಾಡಿ ಎತ್ತಿಡಬೇಕು, ಇಲ್ಲಾ ಇರೋ ಅಷ್ಟರಲ್ಲೇ ಪಾಲು ಮಾಡ್ಕೋಬೇಕು. ಅಷ್ಟಾದ್ರೂ ಜರ್ಮನಿಯ ಡೇನಿಯಲ್ ಡಾಲ್‌ಮನ್ ಅನ್ನೋರು ಅದರ ಮೇಲೆ ಲೂನಿಕ್ಸ್ ಅಂತ ಬರೆದ್ರು, ನಿಜವಾಗ್ಲೂ ಹಲವಾರು ಪ್ರೋಗ್ರಾಮ್ ಒಟ್ಟಿಗೆ ಓಡ್ತವೆ, ಇಂಟರ್ನೆಟ್ಟಿನ ಟಿಸಿಪಿ ಐಪಿನೂ ಅದರಲ್ಲಿದೆ. ಕಮೋಡೋರ್ 128ರಲ್ಲಿ ಆ ಸ್ಟ್ಯಾಕಿನ ಜಾಗವನ್ನೇ ಬದಲಾಯಿಸೋ ಚಿಪ್ ಇರೋದ್ರಿಂದ ಇದೇ ಕೆಲಸ ಅಲ್ಲಿ ಹಗುರ. 6809 ಪ್ರೊಸೆಸರ್ ಅಂತೂ ಇದಕ್ಕೇ ಹುಟ್ಟಿದ್ದು ಅನ್ಸುತ್ತೆ, ಅದಕ್ಕೆ ಬರೆದ ಕೋಡನ್ನ ಮೆಮರಿಯಲ್ಲಿ ಎಲ್ಲಿಟ್ರೂ ಓಡೋ ಹಂಗೆ ಬರೀಬಹುದು, ಅದಕ್ಕೇ ಮೈಕ್ರೋವೇರ್ ಕಂಪನಿಯ ಓಎಸ್-9 ಅನ್ನೋ ಸಿಸ್ಟಮ್ 64 ಕೆಬಿಯಲ್ಲೇ ಎಂಎಂಯು ಇಲ್ದೇ ಹಲವು ಪ್ರೋಗ್ರಾಮ್ ನಡೆಸ್ತಿತ್ತು.

ಸ್ಕ್ರೀನಿನ ಮಾತು ಬಂತಲ್ಲ, ಅದೂ ಒಂದು ಬೇಕಾದ ವಸ್ತುನೇ. ಸ್ಪೆಕ್ಟ್ರಮ್ಮಲ್ಲಿ ಸಾಲಿಗೆ 32 ಅಕ್ಷರ, ಕಮೋಡೋರಲ್ಲಿ 40. ಯೂನಿಕ್ಸಿನ ಪ್ರೋಗ್ರಾಮ್‌ಗಳೆಲ್ಲ 80 ಅಕ್ಷರ ಇದೆ ಅಂತ ನಂಬ್ಕೊಂಡಿರ್ತವೆ. ಅಕ್ಷರ ಸಣ್ಣ ಮಾಡಿ 64 ತನಕ ಎಳೀಬಹುದು, ಕಣ್ಣಿಗೆ ಕಷ್ಟ. ಹುಡುಗ ಇದರಲ್ಲಿ ಕನ್ನಡ ಬರುತ್ತಾ ಅಂತ ಕೇಳ್ದ. ಸ್ಪೆಕ್ಟ್ರಮ್ಮಲ್ಲಿ ನಾವೇ ಬಿಡಿಸ್ಕೊಳ್ಳೋ ಅಕ್ಷರಕ್ಕೆ 21 ಜಾಗ ಕೊಟ್ಟಿದಾರೆ, ಎಂಟಕ್ಕೆಂಟು ಚುಕ್ಕಿ ಒಂದೊಂದೂ. ನಮ್ಮ ವರ್ಣಮಾಲೆ 49, ಅದರ ಮೇಲೆ ಕಾಗುಣಿತ, ಒತ್ತಕ್ಷರ. ಇಬ್ಬರೂ ಕೂತು "ಹಾಸನ" ಅಂತ ಮೂರು ಅಕ್ಷರ ಬಿಡಿಸೋಕೆ ಒಂದು ಮಧ್ಯಾಹ್ನ ಹೋಯ್ತು, ಬಂತು, ಆದ್ರೆ "ಚಿಕ್ಕಮಗಳೂರು" ಬರೆಯೋ ಧೈರ್ಯ ಮಾಡಲಿಲ್ಲ, ಕ ಒತ್ತು ಎಲ್ಲಿ ಇಡೋದು ಆ ಎಂಟು ಚುಕ್ಕಿಯಲ್ಲಿ.

ಶಾಲೆಗಳ ಬಗ್ಗೆನೂ ಒಂದು ಮಾತು. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನೋ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತ್ತು, ಅವು ಈಗಲೂ ಅಲ್ಲಲ್ಲಿ ಸ್ಟೋರ್ ರೂಮಲ್ಲಿ ಇದ್ದಾವು. ಅದರಲ್ಲಿ 2 ಮೆಗಾಹರ್ಟ್ಜಿನ 6502, 32 ಕೆಬಿ ಮೆಮರಿ, ದೊಡ್ಡ ಗ್ರಾಫಿಕ್ಸ್ ಮೋಡ್ ಹಾಕಿದ್ರೆ 20 ಕೆಬಿ ಸ್ಕ್ರೀನಿಗೇ ಹೋಗುತ್ತೆ, ಬರೀ ಅಕ್ಷರ ತೋರಿಸೋ ಟೆಲಿಟೆಕ್ಸ್ಟ್ ಮೋಡಲ್ಲಾದ್ರೆ 1 ಕೆಬಿ. ಯೂನಿಕ್ಸ್ ತರದ್ದಕ್ಕೆ ಬರೀ ಈ ಮೆಷಿನ್ ಸಾಲಲ್ಲ, ಆದ್ರೆ ಅದರ ತಳದಲ್ಲಿ ಟ್ಯೂಬ್ ಅಂತ ಒಂದು ಕನೆಕ್ಟರ್ ಇದೆ, ಎರಡನೇ ಪ್ರೊಸೆಸರನ್ನೇ ಹೊರಗಿಂದ ಸೇರಿಸೋಕೆ. ಆ ಕಾಲದಲ್ಲಿ ಅಷ್ಟು ಮುಂದಾಲೋಚನೆ ಮಾಡಿದ ಮೆಷಿನ್ ಅದು. ನಮ್ಮ ಜಿಲ್ಲೆಯದೇ ಒಂದು ಸಂಸ್ಥೆ, ಹೆಸರು ಬೇಡ, ಕೆಲವು ವರ್ಷದ ಹಿಂದೆ ಸ್ಟೋರ್ ರೂಮ್ ಖಾಲಿ ಮಾಡ್ತಾ ಹಳೆ ಕಂಪ್ಯೂಟರೆಲ್ಲ ಕೆಜಿ ಲೆಕ್ಕದಲ್ಲಿ ಹರಾಜು ಹಾಕ್ತು. ನನಗೆ ಗೊತ್ತಾಗೋಷ್ಟರಲ್ಲಿ ಗುಜರಿ ಅಂಗಡಿಯಲ್ಲಿ ಬೋರ್ಡುಗಳನ್ನ ಸುತ್ತಿಗೆಯಲ್ಲಿ ಒಡೆದು ತಾಮ್ರ ಬೇರೆ ತಗಡು ಬೇರೆ ಮಾಡಿದ್ರು. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಈಗ ಪಿಸಿಗೆ ಬರ್ತೀನಿ, ಯಾಕಂದ್ರೆ ಓದುಗರ ಮನೇಲಿ ಹೆಚ್ಚಾಗಿ ಇರೋದು ಇವೇ. 386 ಚಿಪ್ 1985ರಲ್ಲಿ ಬಂತು, ಅದರಲ್ಲಿ ಪೇಜಿಂಗ್ (ಮೆಮರಿನ ತುಂಡು ತುಂಡು ಮಾಡಿ ಹಂಚೋದು) ಮಾಡೋ ಎಂಎಂಯು ಒಳಗೇ ಇತ್ತು, 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಲೀನಕ್ಸ್ ಶುರು ಮಾಡಿದ್ದೇ ಅಂಥದ್ದೊಂದು ಮೆಷಿನ್ನಲ್ಲಿ. ಅದಕ್ಕಿಂತ ಹಿಂದಿನ 8088, 286ರಲ್ಲಿ ಆ ಪೇಜಿಂಗ್ ಇಲ್ಲ, ಹಂಗಾಗಿ ಮಾಮೂಲಿ ಲೀನಕ್ಸ್ ಅವುಗಳಲ್ಲಿ ಎಂದೂ ಓಡಿಲ್ಲ, ಓಡೋದೂ ಇಲ್ಲ. ಸರಿ, 386 ಇದ್ರೆ ಓಡುತ್ತಾ? 1990ರ ದಶಕದಲ್ಲಿ 4 ಎಂಬಿ ರ‍್ಯಾಮಲ್ಲಿ ಓಡ್ತಿತ್ತು. ಈಗಿನ ಡಿಸ್ಟ್ರೋಗಳಲ್ಲಿ (ಡೆಬಿಯನ್, ಉಬುಂಟು ತರ ಸಿದ್ಧ ಮಾಡಿ ಕೊಡೋ ಲೀನಕ್ಸ್) ಕರ್ನಲ್ ಫೈಲೊಂದೇ ಅದಕ್ಕಿಂತ ದೊಡ್ಡದು, ಅಲ್ಲದೇ 2013ರಲ್ಲಿ ಬಂದ 3.8 ಕರ್ನಲ್ಲಿಂದ 386ನ್ನೇ ಕೈಬಿಟ್ರು. ಅಂದ್ರೆ ಲೀನಕ್ಸ್ ಹುಟ್ಟಿದ ಮೆಷಿನ್ನಲ್ಲೇ ಇವತ್ತಿನ ಲೀನಕ್ಸ್ ಓಡಲ್ಲ. ಹತ್ತಿಪ್ಪತ್ತು ವರ್ಷದ ಹಿಂದಿನ 32 ಬಿಟ್ ಪಿಸಿಗೇ ಈಗ ಕಷ್ಟ, ಡೆಬಿಯನ್ ಕೂಡ 13ನೇ ಆವೃತ್ತಿಯಿಂದ ಅದಕ್ಕೆ ಇನ್‌ಸ್ಟಾಲರ್ ಕೊಡೋದು ನಿಲ್ಲಿಸಿದೆ. ನಿಮ್ಮ ಬರಹ ಓದ್ಕೊಂಡು ಪೆಂಟಿಯಮ್ ತಂದು ಹೊಸ ಉಬುಂಟು ಹಾಕಿ ಅಂತ ಕೂತೋರಿಗೆ ನಾನು ಏನು ಹೇಳಲಿ ಹೇಳಿ.

ಯೂನಿಕ್ಸಿಗೆ ದೊಡ್ಡ ಮೆಷಿನ್ ಬೇಕಿತ್ತು ಅಂತ ಮಾತ್ರ ಯಾರೂ ತಿಳ್ಕೋಬೇಡಿ. ತೊಂಬತ್ತರ ದಶಕದಲ್ಲಿ ನಾನು ಒಂದು ಬ್ಯಾಂಕ್ ಶಾಖೆಗೆ ಸರ್ವಿಸಿಗೆ ಹೋಗ್ತಿದ್ದೆ, ಅಲ್ಲಿ ಮೂಲೇಲಿ ಯೂನಿಕ್ಸ್ ಓಡೋ ಒಂದೇ 386, ಅದಕ್ಕೆ ಸೀರಿಯಲ್ ಕೇಬಲಲ್ಲಿ ಎಂಟು ಟರ್ಮಿನಲ್, ಹಸಿರು ಅಕ್ಷರ. ಇಡೀ ಶಾಖೆಯ ಲೆಡ್ಜರ್ ಅದರ ಮೇಲೆ ನಡೀತಿತ್ತು. ಈಗ ನಮ್ಮ ಜೇಬಲ್ಲಿರೋ ಫೋನಿನ ಮೆಮರಿಯ ಸಾವಿರದಲ್ಲಿ ಒಂದು ಪಾಲೂ ಅದಕ್ಕಿರಲಿಲ್ಲ. ಕ್ಯಾಷಿಯರ್ ಕೀ ಒತ್ತಿದ್ರೆ ಕಾಯೋದೇ ಇರ್ತಿರಲಿಲ್ಲ.

8088ಕ್ಕೆ ಏನೂ ಇಲ್ವಾ ಅಂದ್ರೆ ಇದೆ, ಎಲ್ಕ್ಸ್ ಅಂತ, ಲೀನಕ್ಸನ್ನೇ ಕತ್ತರಿಸಿ 16 ಬಿಟ್ ಮೆಷಿನ್‌ಗೆ ಹೊಲಿದಿರೋದು, 1990ರ ದಶಕದಲ್ಲಿ ಶುರುವಾಗಿದ್ದು ಈಗಲೂ ಕೆಲಸ ನಡೀತಿದೆ. 360 ಕೆಬಿಯ ಒಂದು ಫ್ಲಾಪಿಯಿಂದಲೂ ಓಡುತ್ತೆ. 8088ರಲ್ಲಿ ಎಂಎಂಯು ಇಲ್ಲ, ಆದ್ರೆ ಸೆಗ್ಮೆಂಟ್ ರಿಜಿಸ್ಟರ್ ಅಂತ ಇದೆ, ಪ್ರತಿ ಪ್ರೋಗ್ರಾಮೂ ತಾನು ಸೊನ್ನೆಯಿಂದ ಶುರು ಅಂತ ತಿಳ್ಕೊಂಡಿರುತ್ತೆ, ನಿಜಕ್ಕೂ ಎಲ್ಲಿದೆ ಅನ್ನೋದು ಆ ರಿಜಿಸ್ಟರಿಗೆ ಗೊತ್ತು. ಸ್ಪೆಕ್ಟ್ರಮ್ಮಲ್ಲಿ ಆಗದ ಫೋರ್ಕ್ ಇಲ್ಲಿ ಆಗೋದು ಅದಕ್ಕೇ. ಬೇಲಿ ಮಾತ್ರ ಇಲ್ಲ, ಒಂದು ಪ್ರೋಗ್ರಾಮ್ ದಾರಿ ತಪ್ಪಿದ್ರೆ ಎಲ್ಲರ ಕಣಕ್ಕೂ ನುಗ್ಗಬಹುದು. 1987ರಲ್ಲಿ ಪ್ರೊಫೆಸರ್ ಟ್ಯಾನನ್‌ಬಾಮ್ ವಿದ್ಯಾರ್ಥಿಗಳಿಗೆ ಕಲಿಸೋಕೆ ಅಂತ ಮಾಡಿದ ಮಿನಿಕ್ಸ್ ಕೂಡ ಇಂಥ ಮೆಷಿನ್ನಲ್ಲೇ ಓಡ್ತಿತ್ತು.

ಹುಡುಗನನ್ನ ಬರಿಗೈಯಲ್ಲಿ ಕಳಿಸೋಕೆ ಮನಸ್ಸು ಬರಲಿಲ್ಲ. ನನ್ನ ಮನೆ ಪೆನ್ಷನ್ ಮೊಹಲ್ಲಾದಲ್ಲಿ, ಅಲ್ಲಿ ಅಟ್ಟದ ಮೇಲೆ 8088 ಕಾಲದ ಒಂದು ಟರ್ಬೋ ಎಕ್ಸ್‌ಟಿ ಮತ್ತೆ ಒಂದು 386 ಇಟ್ಟಿದ್ದೆ. 386ನ್ನ ಬಿಚ್ಚಿದ್ರೆ ಬೋರ್ಡಿನ ಮೇಲಿದ್ದ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಮ್ ಬ್ಯಾಟರಿ ಸೋರಿ, ಸುತ್ತ ಎರಡು ಇಂಚು ಹಸಿರು ಬೂಷ್ಟು ಹಿಡಿದಂಗೆ ಟ್ರ್ಯಾಕೆಲ್ಲ ತಿಂದುಹಾಕಿತ್ತು. ವಿನೆಗರಲ್ಲಿ ಉಜ್ಜಿ, ನೀರಲ್ಲಿ ತೊಳೆದು, ಸ್ಪಿರಿಟ್ ಹಚ್ಚಿ ಒಣಗಿಸಿದೀನಿ, ಹನ್ನೊಂದು ಟ್ರ್ಯಾಕಿಗೆ ತಂತಿ ಎಳೀಬೇಕು, ಅದಿನ್ನೂ ಟೇಬಲ್ ಮೇಲಿದೆ. 386, 486 ಬೋರ್ಡ್ ಮನೇಲಿಟ್ಟಿರೋರು ಇವತ್ತೇ ಬಿಚ್ಚಿ ಆ ಬ್ಯಾಟರಿನ ಕಿತ್ತುಹಾಕಿ, ಮೆಷಿನ್ ಬಳಸದೇ ಇದ್ರೂ ಪರವಾಗಿಲ್ಲ, ಬ್ಯಾಟರಿ ಮಾತ್ರ ಇರಬಾರದು.

ಎಕ್ಸ್‌ಟಿಯಲ್ಲಿ ಆ ಬ್ಯಾಟರಿನೇ ಇರಲಿಲ್ಲ, ಹಂಗಾಗಿ ಬಚಾವು. 640 ಕೆಬಿ ಮೆಮರಿ, ಎನ್ಇಸಿ ವಿ20 ಪ್ರೊಸೆಸರ್. ಹಳೆ 20 ಎಂಬಿ ಹಾರ್ಡ್ ಡಿಸ್ಕ್ ತಿರುಗಲೇ ಇಲ್ಲ, ಅದರ ಬದಲಿಗೆ ಎಕ್ಸ್‌ಟಿ-ಐಡಿಇ ಕಾರ್ಡ್ ಹಾಕಿ ಕ್ಯಾಮೆರಾದ ಹಳೆ ಸಿಎಫ್ ಕಾರ್ಡ್ ಕೂರಿಸ್ದೆ. ಫ್ಲಾಪಿ ಡ್ರೈವಿನ ಹೆಡ್ ಒರೆಸಿ, ಬೆಲ್ಟ್ ಬದಲಾಯಿಸಿ, ಒಂದು ಶನಿವಾರ ಸಂಜೆ ಇಬ್ಬರೂ ಕೂತು ಎಲ್ಕ್ಸ್ ಫ್ಲಾಪಿ ಹಾಕಿದ್ವಿ. ಮೊದಲ ಎರಡು ಫ್ಲಾಪಿ ಬೂಷ್ಟು ಹಿಡಿದಿದ್ವು, ಓದಲಿಲ್ಲ. ಮೂರನೇದು ಟಕ ಟಕ ಅಂತ ಓದೋಕೆ ಶುರು ಮಾಡ್ತು. ಲಾಗಿನ್ ಅಂತ ಬಂತು. ಹುಡುಗ ಎಲ್‌ಎಸ್ ಅಂತ ಒತ್ತಿದ, ಫೈಲ್‌ಗಳ ಪಟ್ಟಿ ಬಂತು, ಪಿಎಸ್ ಅಂತ ಒತ್ತಿದ, ಓಡ್ತಿರೋ ಪ್ರೋಗ್ರಾಮ್‌ಗಳ ಪಟ್ಟಿ ಬಂತು. ಅವನು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ಅಂಕಲ್, ಕಣದಲ್ಲಿ ಈಗ ನಾಲ್ಕು ರಾಶಿ ಇದಾವೆ" ಅಂದ. ಸಂಪಾದಕರೇ, ಆ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು. ಈಗಿನ ಕಂಪ್ಯೂಟರಲ್ಲಿ ಕೋಟಿಗಟ್ಟಲೆ ಸಾಲು ಕೋಡಿದೆ, ಒಳಗೆ ಏನು ನಡೀತಿದೆ ಅಂತ ಒಬ್ಬ ಹುಡುಗನಿಗೆ ತಲೇಲಿ ಹಿಡ್ಕೊಳ್ಳೋಕಾಗಲ್ಲ. ಇದರಲ್ಲಿ ಆಗುತ್ತೆ. ಅವನೀಗ ಫ್ಯೂಝಿಕ್ಸಿನ ಕೋಡ್ ಓದ್ತಿದಾನೆ, ರಾಸ್ಪ್‌ಬೆರಿ ಪೈ ಪಿಕೋ ಅಂತ ಕೆಲವು ನೂರು ರೂಪಾಯಿಯ ಬೋರ್ಡಲ್ಲೂ ಫ್ಯೂಝಿಕ್ಸ್ ಓಡುತ್ತೆ, 264 ಕೆಬಿ ಮೆಮರಿ ಅದರದ್ದು, ಹಳೆ ಮೆಷಿನ್ ಸಿಗದೇ ಇರೋ ಮಕ್ಕಳು ಅದರಲ್ಲಿ ಶುರು ಮಾಡಬಹುದು.

ನಿಮ್ಮಲ್ಲಿ ನನ್ನ ಕೋರಿಕೆ, ಆ ಸಾಲನ್ನ ತಿದ್ದಿ ಒಂದು ಸಣ್ಣ ಟಿಪ್ಪಣಿ ಹಾಕಿ. ಹಳೆ ಕಂಪ್ಯೂಟರ್ ಸಿಕ್ಕಿದೋರು ಮೊದಲು ಪ್ರೊಸೆಸರ್ ಯಾವುದು ಅಂತ ನೋಡಲಿ, ಮೆಮರಿ ಎಷ್ಟು, ಅದು ಬ್ಯಾಂಕ್ ಬದಲಾಯಿಸುತ್ತಾ ಅಂತ ನೋಡಲಿ, ಡಿಸ್ಕ್ ಹಾಕೋ ದಾರಿ ಇದೆಯಾ ಅಂತ ನೋಡಲಿ, ಆಮೇಲೆ ಅದಕ್ಕೆ ತಕ್ಕ ಸಿಸ್ಟಮ್ ಹುಡುಕಲಿ. ಕಾಲೇಜಿನ ಮೇಷ್ಟ್ರುಗಳು ಸ್ಟೋರ್ ರೂಮ್ ಹರಾಜಿಗೆ ಮುಂಚೆ ಯಾರಾದ್ರೂ ಗೊತ್ತಿರೋರನ್ನ ಕರೆಸಿ ಒಂದು ಸಲ ತೋರಿಸಲಿ, ಕೆಜಿ ಲೆಕ್ಕ ಆಮೇಲೆ.

ಹುಡುಗನ ಸ್ಪೆಕ್ಟ್ರಮ್ ಈಗ ಬೇಸಿಕ್ಕಲ್ಲಿ ಚೆನ್ನಾಗಿ ಓಡ್ತಿದೆ, ಕೀಬೋರ್ಡಿನ ಒಳಗಿನ ಮೆಂಬ್ರೇನ್ ಮಾತ್ರ ಬಿರುಕು ಬಿಟ್ಟು ಕೆಳಗಿನ ಸಾಲಿನ ಐದು ಕೀ ಕೆಲಸ ಮಾಡ್ತಿಲ್ಲ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಯಾರ ಅಟ್ಟದಲ್ಲಾದ್ರೂ ಇದೇ ತರ ಕೆಟ್ಟು ಬಿದ್ದಿರೋ ಕಪ್ಪು ಮೆಷಿನ್ ಇದ್ರೆ ನಿಮ್ಮ ಪತ್ರಿಕೆ ಕಚೇರಿಗೆ ತಿಳಿಸಲಿ, ನಾನು ಬಂದು ತಗೊಂಡು ಹೋಗ್ತೀನಿ.

ಇಂತಿ,
ನಿಮ್ಮ ಓದುಗ
ಪೆನ್ಷನ್ ಮೊಹಲ್ಲಾ, ಹಾಸನ